ನುಣುಪಿಗೂ ಒಂದು ಲೆಕ್ಕ ಇದೆ: ಲೇತ್ ಕೆಲಸದವರ ಪ್ರಶ್ನೆ, ನನ್ನ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ ಮೇಲಿವೆ. ಲೇತ್‌ನಲ್ಲಿ ತಿರುವಿದ ಜಾಬ್ (ಮಾಡುತ್ತಿರುವ ಭಾಗ) ಎಷ್ಟು ನುಣುಪಾಗಿ ಬರುತ್ತದೆ ಅಂತ ಮೊದಲೇ ಲೆಕ್ಕ ಹಾಕಬಹುದಾ? ಹಾಕಿದ ಲೆಕ್ಕ ಅಳತೆಗೆ ಯಾಕೆ ತಾಳೆ ಆಗುವುದಿಲ್ಲ? ಶಿವಮೊಗ್ಗ, ಭದ್ರಾವತಿಯ ಶೆಡ್‌ಗಳಲ್ಲಿ ಮೊದಲು ಲೇತ್ ಮುಂದೆ, ಆಮೇಲೆ ಇನ್‌ಸ್ಪೆಕ್ಷನ್ ಮೇಜಿನ ಮುಂದೆ ನಿಂತು ತಲೆಗೂದಲು ಬೆಳ್ಳಗಾದವನು ನಾನು. ಈ ಪ್ರಶ್ನೆಗಳೆಲ್ಲ ನನಗೂ ಒಂದು ಕಾಲದಲ್ಲಿ ನಿದ್ದೆ ಕೆಡಿಸಿದ್ದವು. ಹಾಗಾಗಿ ಈ ತಿಂಗಳ ಪುಟ ಪೂರ್ತಿ ಇದಕ್ಕೇ.

ಪ್ರಶ್ನೆ: ಸರ್, ನಮ್ಮದು ಚಿಕ್ಕ ಲೇತ್ ಅಂಗಡಿ. 25 ಮಿ.ಮೀ. ದಪ್ಪ, 300 ಮಿ.ಮೀ. ಉದ್ದದ ಎಂಎಸ್ (ಮೆತ್ತನೆಯ ಉಕ್ಕು) ಶಾಫ್ಟ್‌ಗಳ ಆರ್ಡರ್ ಬಂದಿದೆ. ಡ್ರಾಯಿಂಗ್‌ನಲ್ಲಿ ಆರ್‌ಎ (ಮೇಲ್ಮೈಯ ಸರಾಸರಿ ಒರಟುತನ) 0.8 ಮೈಕ್ರಾನ್ ಅಂತ ಇದೆ. ನನ್ನ ಕಾರ್ಬೈಡ್ ಇನ್ಸರ್ಟ್‌ನ (ಲೋಹ ಕತ್ತರಿಸುವ ಗಟ್ಟಿ ತುಂಡು) ನೋಸ್ ರೇಡಿಯಸ್ (ಮೂತಿಯ ದುಂಡಿನ ತ್ರಿಜ್ಯ) 0.4 ಮಿ.ಮೀ., ಫೀಡ್ ಒಂದು ಸುತ್ತಿಗೆ 0.1 ಮಿ.ಮೀ., ಸ್ಪಿಂಡಲ್ 400 ಆರ್‌ಪಿಎಂ. ಸೂತ್ರ ಹಾಕಿದರೆ 0.78 ಬಂತು. ಖುಷಿಯಿಂದ ತಿರುವಿ ಅಳತೆ ಮಾಡಿಸಿದರೆ 2.6! ಸೂತ್ರವೇ ತಪ್ಪಾ?
— ಲೇತ್ ಅಂಗಡಿಯವರು, ಸಾಗರ

ಉತ್ತರ: ಸೂತ್ರ ತಪ್ಪಲ್ಲ. ನಿಮ್ಮ ಗುಣಾಕಾರವೂ ಸರಿಯಾಗಿದೆ. ಆದರೆ ಆ ಸೂತ್ರ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಅನ್ನುವುದನ್ನು ಮೊದಲು ನೋಡೋಣ.

ಅಡಿಕೆ ಕೊಯ್ಲಿಗೆ ಮುಂಚೆ ಅಂಗಳಕ್ಕೆ ಸಗಣಿ ಸಾರಿಸುವುದನ್ನು ನೀವು ನೋಡಿರುತ್ತೀರಿ. ಅಂಗೈ ಕಮಾನಿನ ಹಾಗೆ ಒಂದು ಸಲ ಎಳೆಯುತ್ತಾರೆ. ಸ್ವಲ್ಪ ಪಕ್ಕಕ್ಕೆ ಸರಿದು ಇನ್ನೊಂದು ಸಲ ಎಳೆಯುತ್ತಾರೆ. ಎರಡು ಎಳೆತ ಸೇರುವ ಕಡೆ ಸಣ್ಣ ಏಣು ಉಳಿಯುತ್ತದೆ. ದೂರ ದೂರ ಸರಿದರೆ ಏಣು ದೊಡ್ಡದು, ಹತ್ತಿರ ಹತ್ತಿರ ಎಳೆದರೆ ಚಿಕ್ಕದು. ಅಗಲ ಕೈಯವರು ಸಾರಿಸಿದ ಅಂಗಳ ಇನ್ನೂ ನುಣುಪು. ಲೇತ್‌ನಲ್ಲಿ ಆಗುವುದೂ ಇದೇ. ಇನ್ಸರ್ಟ್‌ನ ದುಂಡು ಮೂತಿ ಅಂಗೈ. ಒಂದು ಸುತ್ತಿಗೆ ಅದು ಸರಿಯುವ ದೂರ ಫೀಡ್. ಎರಡು ಗೀಟಿನ ನಡುವೆ ಉಳಿಯುವ ಏಣೇ ಒರಟುತನ.

ಆ ಏಣಿನ ಎತ್ತರ ಸಿಗಬೇಕಾದರೆ ಫೀಡನ್ನು ಫೀಡ್‌ನಿಂದಲೇ ಗುಣಿಸಿ, ನೋಸ್ ರೇಡಿಯಸ್‌ನ ಎಂಟು ಪಟ್ಟಿನಿಂದ ಭಾಗಿಸಬೇಕು. ಇದು ತಗ್ಗಿನ ತಳದಿಂದ ಏಣಿನ ತುದಿಯವರೆಗಿನ ಪೂರ್ತಿ ಎತ್ತರ. ಆರ್‌ಎ ಅನ್ನುವುದು ಸರಾಸರಿ ಆದ್ದರಿಂದ ಹೆಚ್ಚುಕಡಿಮೆ ಇದರ ಕಾಲು ಭಾಗ ಬರುತ್ತದೆ. ಎಂಟರ ಬದಲು 32 ಹಾಕುವುದು ಅದಕ್ಕೇ:

ಆರ್‌ಎ = (ಫೀಡ್ × ಫೀಡ್) ÷ (32 × ನೋಸ್ ರೇಡಿಯಸ್)

ನಿಮ್ಮ ಅಂಕಿ ಹಾಕಿದರೆ 0.01 ÷ 12.8, ಅಂದರೆ 0.00078 ಮಿ.ಮೀ. ಸಾವಿರದಿಂದ ಗುಣಿಸಿದರೆ 0.78 ಮೈಕ್ರಾನ್. ಸರಿಯಾಗಿಯೇ ಇದೆ.

ಆದರೆ ಇದು ನೆಲಮಟ್ಟದ ಲೆಕ್ಕ. ಟೂಲ್ ಸವೆದಿಲ್ಲ, ಜಾಬ್ ನಡುಗುವುದಿಲ್ಲ, ಲೋಹ ಬೆಣ್ಣೆಯ ಹಾಗೆ ಕತ್ತರಿಸುತ್ತದೆ ಅಂತ ಇಟ್ಟುಕೊಂಡರೆ ಇದಕ್ಕಿಂತ ಕೆಳಗೆ ಇಳಿಯಲಾರಿರಿ, ಅಷ್ಟೇ. ಅದರ ಮೇಲೆ ಎಷ್ಟು ಏರುತ್ತದೆ ಅನ್ನುವುದು ನಿಮ್ಮ ಲೇತ್, ಟೂಲ್ ಮತ್ತು ಲೋಹಕ್ಕೆ ಬಿಟ್ಟಿದ್ದು. ನಿಮ್ಮಲ್ಲಿ 0.78 ಎಲ್ಲಿ, 2.6 ಎಲ್ಲಿ? ಮೂರು ಪಟ್ಟಿಗಿಂತ ಜಾಸ್ತಿ. ಈ ಅಂತರವೇ ನಿಮಗೆ ಸಿಕ್ಕಿರುವ ಸುಳಿವು. ಲೆಕ್ಕ ಹಾಕದೇ ಹೋಗಿದ್ದರೆ 2.6 ಬಂದದ್ದು ಫೀಡ್ ಜಾಸ್ತಿ ಆಗಿ ಅಂದುಕೊಂಡು ಸುಮ್ನೆ ಫೀಡ್ ಕಡಿಮೆ ಮಾಡುತ್ತಾ ಕೂತಿರುತ್ತಿದ್ದಿರಿ. ಈಗ ತಪ್ಪು ಫೀಡ್‌ನಲ್ಲಿ ಇಲ್ಲ, ಬೇರೆಲ್ಲೋ ಇದೆ ಅಂತ ಗೊತ್ತಾಯಿತಲ್ವಾ?

ನನಗೆ ಅನುಮಾನ ಇರುವುದು ನಿಮ್ಮ 400 ಆರ್‌ಪಿಎಂ ಮೇಲೆ. 3.14 × 25 × 400, ಅದನ್ನು ಸಾವಿರದಿಂದ ಭಾಗಿಸಿ: ನಿಮಿಷಕ್ಕೆ ಸುಮಾರು 31 ಮೀಟರ್. ಎಂಎಸ್ ಮೇಲೆ ಕಾರ್ಬೈಡ್ ಟೂಲ್‌ಗೆ ಇದು ತೀರಾ ನಿಧಾನ. ಇಷ್ಟು ನಿಧಾನಕ್ಕೆ ತಿರುವಿದಾಗ ಮೆತ್ತನೆಯ ಉಕ್ಕಿನ ಚೂರುಗಳು ಟೂಲ್‌ನ ತುದಿಗೇ ಬೆಸೆದುಕೊಳ್ಳುತ್ತವೆ. ಬಿಲ್ಟ್ ಅಪ್ ಎಡ್ಜ್ ಅಂತ ಕರೆಯುವುದು ಇದನ್ನೇ. ಈಗ ಕತ್ತರಿಸುತ್ತಿರುವುದು ನಿಮ್ಮ ದುಂಡು ಮೂತಿ ಅಲ್ಲ, ಅದಕ್ಕೆ ಅಂಟಿದ ಮುದ್ದೆ. ಅದು ಬೆಳೆಯುತ್ತದೆ, ಕಳಚುತ್ತದೆ, ಕಳಚುವಾಗ ಒಂದು ಚೂರನ್ನು ಜಾಬ್ ಮೇಲೇ ಮೆತ್ತಿ ಹೋಗುತ್ತದೆ.

ನಂಬಿಕೆ ಬರದಿದ್ದರೆ ಇನ್ಸರ್ಟ್ ಬಿಚ್ಚಿ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ಮೂತಿ ನೋಡಿ. ರಾಗಿ ಕಾಳಿಗಿಂತ ಎಷ್ಟೋ ಚಿಕ್ಕದಾದ, ಬೆಳ್ಳಿ ಬಣ್ಣದ ಮುದ್ದೆ ಕೂತಿರುತ್ತದೆ. ಆಮೇಲೆ ಶಾಫ್ಟ್ ಮೇಲೆ ಅದೇ ಭೂತಗನ್ನಡಿ ಹಿಡಿಯಿರಿ. ಒಳ್ಳೆಯ ಟರ್ನಿಂಗ್‌ನಲ್ಲಿ ಗೀಟುಗಳು ಒಂದರ ಪಕ್ಕ ಒಂದು ಗ್ರಾಮಫೋನ್ ಪ್ಲೇಟಿನ ಹಾಗೆ ಕಾಣಬೇಕು. ನಿಮ್ಮದರಲ್ಲಿ ಗೀಟು ಕಾಣುವುದಿಲ್ಲ. ಮೀನಿನ ಹುರುಪೆ ಎದ್ದ ಹಾಗೆ ಹರಿದ ಮೇಲ್ಮೈ, ಮಂಕು ಬಣ್ಣ ಇರುತ್ತದೆ.

ಲೇತ್‌ನ ಬೇರಿಂಗ್ ಗಟ್ಟಿಯಾಗಿದ್ದರೆ, ಚಕ್‌ನಲ್ಲಿ ಹಿಡಿತ ಭದ್ರವಾಗಿದ್ದರೆ 1200 ಆರ್‌ಪಿಎಂಗೆ ಏರಿಸಿ. ಆಗ ನಿಮಿಷಕ್ಕೆ 94 ಮೀಟರ್ ಆಗುತ್ತದೆ. ಇನ್ಸರ್ಟ್‌ನ ಹೊಸ ಮೂಲೆ ತಿರುಗಿಸಿ ಹಾಕಿ. ಅರ್ಧಕ್ಕರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ ಅಂತ ನನ್ನ ಅನುಭವ.

ಇನ್ನೊಂದು ಮಾತು. 0.8 ಬೇಕಾದ ಕಡೆ ನೆಲಮಟ್ಟವೇ 0.78 ಇಟ್ಟುಕೊಂಡು ಹೊರಟರೆ ಉಸಿರಾಡಲು ಜಾಗ ಎಲ್ಲಿದೆ? ಲೆಕ್ಕದಲ್ಲಿ ಬರುವುದು ಡ್ರಾಯಿಂಗ್‌ನ ಅಂಕಿಯ ಅರ್ಧ ಇರಲಿ. ಅದೇ 0.1 ಫೀಡ್ ಇಟ್ಟು 0.8 ನೋಸ್ ರೇಡಿಯಸ್‌ನ ಇನ್ಸರ್ಟ್ ಹಾಕಿದರೆ ನೆಲಮಟ್ಟ 0.39ಕ್ಕೆ ಇಳಿಯುತ್ತದೆ. ಆದರೆ ಮೂತಿ ದೊಡ್ಡದಾದರೆ ಅದು ಶಾಫ್ಟನ್ನು ಪಕ್ಕಕ್ಕೆ ಜಾಸ್ತಿ ತಳ್ಳುತ್ತದೆ. ನಿಮ್ಮ ಶಾಫ್ಟ್ ದಪ್ಪದ ಹನ್ನೆರಡು ಪಟ್ಟು ಉದ್ದ ಇದೆ. ಟೈಲ್‌ಸ್ಟಾಕ್ ಸೆಂಟರ್ (ಶಾಫ್ಟ್‌ನ ಇನ್ನೊಂದು ತುದಿಗೆ ಆಸರೆಯಾಗುವ ಮೊನೆ) ಕೊಡದೆ ತಿರುವಬೇಡಿ. ಕಿರ್ ಅಂತ ಸದ್ದು ಬಂದರೆ ನಡುಕ ಶುರುವಾಯಿತು ಅಂತಲೇ ಅರ್ಥ.

ಫೀಡನ್ನು 0.03, 0.02 ಅಂತ ಇಳಿಸುತ್ತಾ ಹೋದರೆ ಇನ್ನೂ ನುಣುಪಾಗುತ್ತದೆ ಅಂತ ಕೆಲವರು ನಂಬಿದ್ದಾರೆ. ಸೂತ್ರ ಹಾಗೇ ಹೇಳುತ್ತದೆ, ನಿಜ. ಆದರೆ ಅಷ್ಟು ತೆಳು ಆದಾಗ ಟೂಲ್ ಕತ್ತರಿಸುವುದನ್ನು ಬಿಟ್ಟು ಉಜ್ಜಲು ಶುರು ಮಾಡುತ್ತದೆ. ಫಿನಿಶ್ ಕೆಡುತ್ತದೆ, ಮೂತಿ ಸವೆಯುತ್ತದೆ, ಹೊತ್ತೂ ಹೋಗುತ್ತದೆ.

ಇಷ್ಟೆಲ್ಲ ಮಾಡಿಯೂ ಹಳೆಯ ಲೇತ್‌ನಲ್ಲಿ 1.2ರ ಹತ್ತಿರ ನಿಂತುಬಿಟ್ಟರೆ ಬೇಸರ ಬೇಡ. 0.8 ಅನ್ನುವುದು ಟರ್ನಿಂಗ್‌ಗೆ ಕಷ್ಟದ ಅಂಕಿ, ಗ್ರೈಂಡಿಂಗ್‌ಗೆ ಸಲೀಸು. ಸ್ವಲ್ಪ ದಪ್ಪ ಬಿಟ್ಟು ಗ್ರೈಂಡಿಂಗ್‌ಗೆ ಕಳಿಸುವುದೇ ಮರ್ಯಾದೆಯ ದಾರಿ.

ಪ್ರಶ್ನೆ: ನಾನು ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದೇನೆ. ಆರ್‌ಎ, ಆರ್‌ಕ್ಯೂ ಅನ್ನುವ ಒರಟುತನದ ಎರಡು ಅಂಕಿಗಳ ವ್ಯಾಖ್ಯೆಯೂ ಬಾಯಿಪಾಠ ಇದೆ. ಆದರೆ ಎರಡು ಯಾಕೆ ಬೇಕು ಅಂತ ಅರ್ಥವಾಗಿಲ್ಲ. ಅಂಕಿ ಹಾಕಿ ತೋರಿಸುತ್ತೀರಾ ಸರ್?
— ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಬಾಯಿಪಾಠದಲ್ಲೇ ನಿಲ್ಲದೆ ಕೇಳಿದಿರಲ್ಲ, ತುಂಬಾ ಸಂತೋಷ. ಪೆನ್ಸಿಲ್ ಹಿಡಿದು ಕೂರಿ.

ಮೇಲ್ಮೈಗೆ ಒಂದು ಮಧ್ಯರೇಖೆ ಎಳೆದಿದ್ದೇವೆ ಅಂದುಕೊಳ್ಳಿ. ಅದರಿಂದ ಹತ್ತು ಕಡೆ ಎತ್ತರ-ತಗ್ಗು ಅಳೆದೆವು. ಮೈಕ್ರಾನ್‌ನಲ್ಲಿ ಹೀಗೆ ಬಂತು: +2, −1, +3, −2, −1, +1, −3, +2, 0, −1. ಕೂಡಿದರೆ ಸೊನ್ನೆ. ಮಧ್ಯರೇಖೆ ಸರಿಯಾಗಿ ಕೂತಿದೆ ಅಂತ ಅರ್ಥ. ಈಗ ಚಿಹ್ನೆ ಬಿಟ್ಟು ಬರೀ ಅಂಕಿಗಳನ್ನು ಕೂಡಿ. 16 ಬರುತ್ತದೆ. ಹತ್ತರಿಂದ ಭಾಗಿಸಿ. ಆರ್‌ಎ 1.6. ಆರ್‌ಕ್ಯೂಗೆ ಪ್ರತಿ ಅಂಕಿಯ ವರ್ಗ ಮಾಡಿ ಕೂಡಿದರೆ 34, ಸರಾಸರಿ 3.4, ಅದರ ವರ್ಗಮೂಲ 1.84.

ಈಗ ಇನ್ನೊಂದು ಮೇಲ್ಮೈ. ಎಂಟು ಕಡೆ +1, ಎರಡು ಕಡೆ −4. ಕೂಡಿದರೆ ಇದೂ ಸೊನ್ನೆ. ಚಿಹ್ನೆ ಬಿಟ್ಟರೆ ಇದೂ 16. ಆರ್‌ಎ ಮತ್ತೆ 1.6! ಆದರೆ ಇದು ಹೇಗಿದೆ ಅಂತ ಕಣ್ಣ ಮುಂದೆ ತಂದುಕೊಳ್ಳಿ. ಎಲ್ಲ ಕಡೆ ಚಪ್ಪಟೆ, ಎರಡು ಕಡೆ ಆಳವಾದ ಗೀರು. ಆರ್‌ಕ್ಯೂ ಹಾಕಿದರೆ ಮಾತ್ರ 2.0ಕ್ಕೆ ಏರುತ್ತದೆ. ವರ್ಗ ಮಾಡಿದಾಗ ದೊಡ್ಡ ಅಂಕಿಗೆ ಜಾಸ್ತಿ ತೂಕ ಸಿಗುವುದರಿಂದ ಆ ಗೀರು ಅಲ್ಲಿ ಸಿಕ್ಕಿಬೀಳುತ್ತದೆ. ಎರಡು ಅಂಕಿ ಬೇಕಾಗುವುದು ಇದಕ್ಕೇ.

ಈಗ ಚಿಹ್ನೆಗಳನ್ನು ಉಲ್ಟಾ ಮಾಡಿ. ಎಂಟು ಕಡೆ −1, ಎರಡು ಕಡೆ +4. ಆರ್‌ಎ 1.6, ಆರ್‌ಕ್ಯೂ 2.0. ಎರಡೂ ಹಾಗೇ ಇವೆ. ಆದರೆ ಎರಡು ಕಡೆ −4 ಇದ್ದ ಮೇಲ್ಮೈ ತನ್ನ ಗೀರುಗಳಲ್ಲಿ ಎಣ್ಣೆ ಹಿಡಿದಿಟ್ಟುಕೊಂಡು ಬೇರಿಂಗನ್ನು ಕಾಪಾಡುತ್ತದೆ. ಉಲ್ಟಾ ಮಾಡಿದ್ದು ಮುಳ್ಳಿನ ಹಾಗೆ ನಿಂತು ಎದುರಿನ ಭಾಗವನ್ನು ಹೆರೆಯುತ್ತದೆ. ಪರೀಕ್ಷೆಯಲ್ಲಿ ಬರುತ್ತದೋ ಇಲ್ಲವೋ, ಈ ಮೂರು ಸಾಲುಗಳನ್ನು ಗ್ರಾಫ್ ಹಾಳೆಯಲ್ಲಿ ಬರೆದು ನೋಡಿ. ಸರಾಸರಿ ಒಂದನ್ನೇ ನೋಡಿ ಜಾಬ್ ಪಾಸ್ ಮಾಡುವ ಅಭ್ಯಾಸ ನಿಮಗೆ ಬರುವುದಿಲ್ಲ.

ಪ್ರಶ್ನೆ: ನಮ್ಮ ಘಟಕದಲ್ಲಿ ತಿರುವಿದ ಪಿನ್‌ಗಳ ಆರ್‌ಎ ಒರಟುತನ ಅಳೆಯುವ ನಮ್ಮ ಟೆಸ್ಟರ್‌ನಲ್ಲಿ 1.1 ಬರುತ್ತದೆ. ಗ್ರಾಹಕರ ಕಡೆ 1.7 ಬಂತು ಅಂತ ಲಾಟ್ ವಾಪಸ್ ಬಂದಿದೆ. ಡ್ರಾಯಿಂಗ್‌ನಲ್ಲಿ 1.6. ಫೀಡ್ 0.2, ನೋಸ್ ರೇಡಿಯಸ್ 0.8, ಸಾಧಾರಣ ಇನ್ಸರ್ಟ್. ಯಾರದ್ದು ಸರಿ?
— ಕ್ವಾಲಿಟಿ ವಿಭಾಗದವರು, ಮಾಚೇನಹಳ್ಳಿ

ಉತ್ತರ: ನಿಮ್ಮ ಟೆಸ್ಟರನ್ನು ನಾನು ನೋಡಿಲ್ಲ. ಆದರೂ ಗ್ರಾಹಕರ ಅಂಕಿಯೇ ಸರಿ ಅಂತ ಇಲ್ಲಿಂದಲೇ ಹೇಳುತ್ತೇನೆ. ಸಾಗರದವರಿಗೆ ಕೊಟ್ಟ ಸೂತ್ರ ಹಾಕಿ. 0.04 ÷ 25.6, ಅಂದರೆ 1.56 ಮೈಕ್ರಾನ್. ನೆಲಮಟ್ಟವೇ 1.56 ಇರುವಾಗ 1.1 ಹೇಗೆ ಬರುತ್ತದೆ? ಮೂತಿಗೆ ಸಣ್ಣ ಚಪ್ಪಟೆ ಇರುವ ವೈಪರ್ ಇನ್ಸರ್ಟ್ ಆಗಿದ್ದರೆ ಬರಬಹುದಿತ್ತು. ನೀವು ಸಾಧಾರಣದ್ದು ಅಂದಿದ್ದೀರಿ. ಹಾಗಾದರೆ ಅಳತೆಯಲ್ಲೇ ಏನೋ ಇದೆ.

ಟೆಸ್ಟರ್‌ನ ಮೆನುವಿನಲ್ಲಿ ಕಟ್-ಆಫ್ ಎಷ್ಟಿದೆ ನೋಡಿ. 0.25 ಮಿ.ಮೀ. ಇರುತ್ತದೆ ಅಂತ ನನ್ನ ಊಹೆ. ಕಟ್-ಆಫ್ ಜರಡಿಯ ಹಾಗೆ. ಅದಕ್ಕಿಂತ ಅಗಲವಾದ ಅಲೆಗಳನ್ನು ಟೆಸ್ಟರ್ ಒರಟುತನ ಅಂತ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಹತ್ತಿರ ಇರುವ ಅಲೆಗಳನ್ನೂ ಒಂದಷ್ಟು ತಗ್ಗಿಸಿಬಿಡುತ್ತದೆ. ನಿಮ್ಮ ಗೀಟಿನಿಂದ ಗೀಟಿಗೆ 0.2 ಮಿ.ಮೀ. 0.25ರ ಕಟ್-ಆಫ್ ಅದರ ಸುಮಾರು ಮೂರನೇ ಒಂದು ಪಾಲನ್ನು ನುಂಗುತ್ತದೆ. 1.7ರಲ್ಲಿ ಮೂರನೇ ಒಂದು ಪಾಲು ಕಳೆಯಿರಿ. ನಿಮ್ಮ 1.1 ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ.

2021ರವರೆಗೆ ಇದ್ದ ಐಎಸ್‌ಒ 4288 ಅನ್ನುವ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಗೀಟಿನ ಅಂತರ 0.13ರಿಂದ 0.4 ಮಿ.ಮೀ. ಇದ್ದರೆ ಕಟ್-ಆಫ್ 0.8 ಇಡಬೇಕಿತ್ತು, ಅಳೆಯುವ ಉದ್ದ ಅದರ ಐದು ಪಟ್ಟು, 4 ಮಿ.ಮೀ. ನೀವೂ ಹಾಗೇ ಇಡಿ. ಸೂಜಿ ಗೀಟುಗಳಿಗೆ ಅಡ್ಡಲಾಗಿ, ಅಂದರೆ ಪಿನ್‌ನ ಉದ್ದಕ್ಕೆ ಓಡಬೇಕು. ಟೆಸ್ಟರ್ ಡಬ್ಬಿಯಲ್ಲೇ ಬರುವ ಮಾದರಿ ತುಂಡಿನ ಮೇಲೆ ದಿನಾ ಬೆಳಗ್ಗೆ ಒಂದು ಸಲ ಓಡಿಸಿ, ಅಂಕಿ ಬರೆದಿಡಿ. ಮಳೆಗಾಲದಲ್ಲಂತೂ ಇನ್ನೊಂದು ಕೆಲಸ ಇದೆ. ನಮ್ಮ ಕಡೆ ಬೆವರುಗೈ ತಾಗಿದ ಜಾಗ ರಾತ್ರಿ ಕಳೆಯುವುದರೊಳಗೆ ತುಕ್ಕು ಹಿಡಿಯುತ್ತದೆ. ತಿರುವಿದ ದಿನವೇ ಅಳೆಯಿರಿ. ಮೊದಲು ಒರೆಸಿ, ಅಳೆದ ಮೇಲೆ ಎಣ್ಣೆ ಹಚ್ಚಿ.

ನಾನು ಇದನ್ನು ಕಲಿತದ್ದು ತಪ್ಪು ಮಾಡಿಯೇ. ಹೊಸದಾಗಿ ಇನ್‌ಸ್ಪೆಕ್ಷನ್‌ಗೆ ಬಂದ ಕಾಲ. ಹಿಂದಿನ ದಿನ ಯಾರೋ ಗ್ರೈಂಡಿಂಗ್ ಜಾಬ್‌ಗೆ 0.25 ಇಟ್ಟಿದ್ದರು. ನಾನು ನೋಡದೆ ಒಂದು ಲಾಟ್ ಟರ್ನಿಂಗ್ ಜಾಬ್‌ಗೆ ಸಹಿ ಹಾಕಿ ಕಳಿಸಿದೆ. ಪೂರ್ತಿ ಲಾಟ್ ವಾಪಸ್ ಬಂತು. ಲೇತ್ ಮೇಲಿದ್ದ ಹುಡುಗ ಎರಡು ರಾತ್ರಿ ನಿದ್ದೆಗೆಟ್ಟು ಮತ್ತೆ ಮಾಡಿದ. ಅವನ ಕೆಲಸದಲ್ಲಿ ತಪ್ಪು ಇರಲಿಲ್ಲ, ನಾನು ಮೊದಲೇ ಸರಿಯಾದ ಅಂಕಿ ಹೇಳಿದ್ದರೆ ಅವನು ಮೊದಲ ಪಿನ್‌ಗೇ ಫೀಡ್ ಬದಲಿಸಿಕೊಳ್ಳುತ್ತಿದ್ದ. ಅದು ಇವತ್ತಿಗೂ ನನಗೆ ನೋವು. ಅವತ್ತಿನಿಂದ ಮೊದಲು ಲೆಕ್ಕ, ಆಮೇಲೆ ಮೀಟರ್. ನೆಲಮಟ್ಟಕ್ಕಿಂತ ಕೆಳಗೆ ಅಂಕಿ ಬಂದರೆ ಜಾಬ್‌ಗೆ ಶಹಬ್ಬಾಸ್ ಅನ್ನುವ ಮೊದಲು ಮೀಟರ್ ತಿರುಗಿಸಿ ನೋಡುತ್ತೇನೆ.

ಮುಂದಿನ ಲಾಟ್‌ಗೆ ಫೀಡ್ 0.15ಕ್ಕೆ ಇಳಿಸಿ. ನೆಲಮಟ್ಟ 0.88 ಆಗುತ್ತದೆ. ಯಾರು ಅಳೆದರೂ 1.6ರ ಒಳಗೇ ಇರುತ್ತೀರಿ.

ಪ್ರಶ್ನೆ: ನುಣುಪಿನ ಗುರುತಾಗಿ ಹಳೆಯ ಡ್ರಾಯಿಂಗ್‌ನಲ್ಲಿ ಮೂರು ತ್ರಿಕೋನ, ಒಂದರಲ್ಲಿ ಎನ್7, ಇನ್ನೊಂದರಲ್ಲಿ ಬರೀ 63. ಎಲ್ಲ ಒಂದೇ ಭಾಗದ್ದು. ಯಾವುದನ್ನು ನಂಬಲಿ?
— ವರ್ಕ್‌ಶಾಪ್ ಮೇಸ್ತ್ರಿ, ಭದ್ರಾವತಿ

ಉತ್ತರ: ಎನ್7 ಅಂದರೆ ಆರ್‌ಎ 1.6 ಮೈಕ್ರಾನ್. 63 ಅನ್ನುವುದು ಮೈಕ್ರೋಇಂಚು, ಅದೂ 1.6 ಮೈಕ್ರಾನೇ. ಎನ್ ಪಟ್ಟಿಯಲ್ಲಿ ಒಂದು ಮೆಟ್ಟಿಲು ಹತ್ತಿದರೆ ಅಂಕಿ ಎರಡರಷ್ಟು ಆಗುತ್ತದೆ: ಎನ್6 ಅಂದರೆ 0.8, ಎನ್8 ಅಂದರೆ 3.2. ಹಳೆಯ ಪದ್ಧತಿಯ ಮೂರು ತ್ರಿಕೋನ ಮಾತ್ರ ಒಂದು ಅಂಕಿ ಅಲ್ಲ, 0.025ರಿಂದ 1.6ರವರೆಗಿನ ದೊಡ್ಡ ಹರವು. ಎರಡು ತ್ರಿಕೋನ 1.6ರಿಂದ 8, ಒಂದು ತ್ರಿಕೋನ 8ರಿಂದ 25. ನಿಮ್ಮ ಮೂರೂ ಡ್ರಾಯಿಂಗ್ 1.6ರಲ್ಲಿ ಕೂಡುತ್ತವೆ. 1.6 ಮೀರದ ಹಾಗೆ ಮಾಡಿ. ಆದರೆ ಡ್ರಾಯಿಂಗ್ ಮೇಲೆ ಮೈಕ್ರಾನೋ ಮೈಕ್ರೋಇಂಚೋ ಅಂತ ಬರೆಯಿಸಿಕೊಳ್ಳಿ. 63ನ್ನು ಮೈಕ್ರಾನ್ ಅಂತ ಓದಿದರೆ ಗರಗಸದಲ್ಲಿ ಕೊಯ್ದದ್ದೂ ಪಾಸ್ ಆಗಿಬಿಡುತ್ತದೆ.

ಪ್ರಶ್ನೆ: ನಾನು ಅಡಿಕೆ ಬೆಳೆಗಾರ, ಲೇತ್ ಕೆಲಸ ಗೊತ್ತಿಲ್ಲ. ಅಡಿಕೆ ಸುಲಿಯುವ ಯಂತ್ರದ ಗೇರ್‌ಬಾಕ್ಸ್‌ಗೆ ಹೊಸ ಶಾಫ್ಟ್ ಮಾಡಿಸಿದೆ. ಕನ್ನಡಿಯ ಹಾಗೆ ಹೊಳೆಯುತ್ತದೆ. ಆದರೂ ಆಯಿಲ್ ಸೀಲ್ (ಎಣ್ಣೆ ತಡೆಯುವ ರಬ್ಬರ್ ಉಂಗುರ) ಹತ್ತಿರ ಎಣ್ಣೆ ಸೋರುತ್ತದೆ. ಮೂರು ಸೀಲ್ ಬದಲಿಸಿದೆ. ಎಣ್ಣೆ ಅಡಿಕೆಗೆ ತಾಗಿದರೆ ಗತಿ ಏನು? ಹಳೆಯ ಶಾಫ್ಟ್ ಇಷ್ಟು ಹೊಳೆಯುತ್ತಿರಲಿಲ್ಲ, ಸೋರುತ್ತಲೂ ಇರಲಿಲ್ಲ.
— ಬೆಳೆಗಾರರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಯಜಮಾನ್ರೇ, ನಾಲ್ಕನೇ ಸೀಲ್ ತರಬೇಡಿ. ಸೀಲ್‌ನಲ್ಲಿ ತಪ್ಪಿಲ್ಲ.

ನಿಮ್ಮ ಶಾಫ್ಟನ್ನು ಲೇತ್‌ನಲ್ಲಿ ತುಂಬಾ ನಯವಾಗಿ ತಿರುವಿದ್ದಾರೆ, ಆಮೇಲೆ ಎಮರಿ ಪೇಪರ್ ಹಿಡಿದು ಆ ಕಡೆ ಈ ಕಡೆ ಎಳೆದು ಹೊಳಪು ಕೊಟ್ಟಿದ್ದಾರೆ ಅಂತ ಕಾಣುತ್ತದೆ. ಟೂಲ್ ಬಿಟ್ಟುಹೋದ ಗೀಟುಗಳು ಬಳೆಯ ಹಾಗೆ ಒಂದೊಂದೇ ಸುತ್ತು ಅಲ್ಲ. ಅದು ಸ್ಕ್ರೂ ಮರೆಯ (ಸ್ಕ್ರೂ ಮೇಲಿನ ಸುತ್ತುಗೀರು, ಥ್ರೆಡ್) ಹಾಗೆ ಒಂದೇ ಸಮನೆ ಸುತ್ತಿಕೊಂಡು ಹೋದ ಗೆರೆ. ಕಣ್ಣಿಗೆ ಕಾಣುವುದಿಲ್ಲ, ಎಣ್ಣೆಗೆ ಕಾಣುತ್ತದೆ. ಶಾಫ್ಟ್ ತಿರುಗಿದಷ್ಟೂ ಆ ಮರೆ ಎಣ್ಣೆಯನ್ನು ಸೀಲ್‌ನ ತುಟಿಯ ಕೆಳಗಿನಿಂದ ಹೊರಗೆ ತಳ್ಳುತ್ತದೆ. ಅದೇ ಶಾಫ್ಟ್ ಉಲ್ಟಾ ತಿರುಗಿದ್ದರೆ ಎಣ್ಣೆ ಒಳಗೇ ಹೋಗುತ್ತಿತ್ತು, ನಿಮಗೆ ಗೊತ್ತೂ ಆಗುತ್ತಿರಲಿಲ್ಲ.

ಸೀಲ್ ಕೂರುವ ಜಾಗಕ್ಕೆ ಆರ್‌ಎ 0.2ರಿಂದ 0.8 ಮೈಕ್ರಾನ್ ಇರಬೇಕು. 0.2ಕ್ಕಿಂತ ನುಣುಪಾದರೂ ಕಷ್ಟ, ತುಟಿಯ ಕೆಳಗೆ ಎಣ್ಣೆಯ ಪದರ ನಿಲ್ಲುವುದಿಲ್ಲ, ರಬ್ಬರ್ ಸುಡುತ್ತದೆ. ಆದರೆ ಅಂಕಿ ಸರಿ ಇದ್ದರೆ ಸಾಲದು, ಗೆರೆಗೆ ಓಟ ಇರಬಾರದು. ಅದಕ್ಕೆ ಪ್ಲಂಜ್ ಗ್ರೈಂಡಿಂಗ್ ಮಾಡಿಸಬೇಕು. ಅಂದರೆ ಕಲ್ಲು ಪಕ್ಕಕ್ಕೆ ಸರಿಯದೆ ನೇರವಾಗಿ ಒಳಗೆ ಬಂದು, ನೇರವಾಗಿ ಹೊರಗೆ ಹೋಗಬೇಕು. ಹಳೆಯ ಶಾಫ್ಟ್ ಮಂಕಾಗಿದ್ದರೂ ಸೋರದೆ ಇದ್ದದ್ದು ಹೀಗೆ ಗ್ರೈಂಡ್ ಆಗಿದ್ದರಿಂದ ಇರಬೇಕು. ಗ್ರೈಂಡ್ ಮಾಡಿದರೆ ಅಳತೆ ಕಡಿಮೆ ಆಗುತ್ತದೆ ಅಂತಾದರೆ, ಆ ಜಾಗಕ್ಕೆ ಕೂರಿಸುವ ತೆಳುವಾದ ಸ್ಟೀಲ್ ಸ್ಲೀವ್ ಸಿಗುತ್ತದೆ. ಅದನ್ನು ಹಾಕಿಸಿ.

ಶಾಫ್ಟ್ ಮಾಡಿಕೊಟ್ಟವರ ಹತ್ತಿರ ಜಗಳಕ್ಕೆ ಹೋಗುವ ಮೊದಲು ಅವರ ಲೇತ್‌ನಲ್ಲೇ ಈ ಪರೀಕ್ಷೆ ಮಾಡಿಸಿ. ಶಾಫ್ಟನ್ನು ಎರಡು ಸೆಂಟರ್ ನಡುವೆ ಮಟ್ಟವಾಗಿ ಹಿಡಿಯಬೇಕು. ಸೀಲ್ ಕೂರುವ ಜಾಗಕ್ಕೆ ತೆಳುವಾಗಿ ಎಣ್ಣೆ ಸವರಿ. ಹೊಲಿಗೆಯ ಹತ್ತಿ ದಾರದ ಒಂದು ತುದಿಯನ್ನು ಅಲುಗಾಡದ ಜಾಗಕ್ಕೆ ಗಟ್ಟಿಯಾಗಿ ಕಟ್ಟಿ, ಶಾಫ್ಟ್ ಮೇಲೆ ಹಾಯಿಸಿ, ಇನ್ನೊಂದು ತುದಿಗೆ ಒಂದೆರಡು ಸಣ್ಣ ನಟ್ ಕಟ್ಟಿ ಇಳಿಬಿಡಿ. ಮೂವತ್ತು ಗ್ರಾಂ ತೂಕ ಸಾಕು. ದಾರ ಶಾಫ್ಟ್‌ನ ಸುತ್ತಳತೆಯ ಮೂರರಲ್ಲಿ ಎರಡು ಭಾಗ ಅಪ್ಪಿಕೊಂಡಿರಲಿ. ಈಗ ನಿಮಿಷಕ್ಕೆ 60 ಸುತ್ತಿನ ಹಾಗೆ ನಿಧಾನವಾಗಿ ತಿರುಗಿಸಿ.

ಮರೆ ಇದ್ದರೆ ದಾರ ಇರುವೆ ನಡೆದ ಹಾಗೆ ಮೆಲ್ಲಗೆ ಒಂದು ಪಕ್ಕಕ್ಕೆ ಸರಿಯುತ್ತದೆ. ಉಲ್ಟಾ ತಿರುಗಿಸಿದರೆ ಇನ್ನೊಂದು ಪಕ್ಕಕ್ಕೆ ಬರುತ್ತದೆ. ಹೇಗೆ ತಿರುಗಿಸಿದರೂ ಒಂದೇ ಕಡೆಗೆ ಹೋದರೆ ಅದು ಮರೆ ಅಲ್ಲ, ಶಾಫ್ಟ್ ಮಟ್ಟವಾಗಿ ಕೂತಿಲ್ಲ ಅಥವಾ ಸ್ವಲ್ಪ ಓರೆಯಾಗಿ ಕತ್ತರಿಸಿದೆ. ಎರಡೂ ಸಲ ದಾರ ಇದ್ದಲ್ಲೇ ನಿಂತರೆ ಶಾಫ್ಟ್ ಒಳ್ಳೆಯದಿದೆ. ಗ್ರೈಂಡಿಂಗ್ ಆಗಿ ಬಂದ ಮೇಲೂ ಸೀಲ್ ಹಾಕುವ ಮೊದಲು ಇದೇ ದಾರ ಕಟ್ಟಿ ಇನ್ನೊಂದು ಸಲ ನೋಡಿ. ಕೊಯ್ಲು ಜೋರಾಗುವ ಮುಂಚೆ ಈ ಕೆಲಸ ಮುಗಿಸಿಕೊಳ್ಳಿ, ಆಮೇಲೆ ಲೇತ್ ಅಂಗಡಿಯವರಿಗೂ ಕೈ ಬಿಡುವಿರುವುದಿಲ್ಲ.